ಮಂದೆ ಹಾದಿಯ ತಗಡಿನ ಮನೆ

2025ರ ಏಪ್ರಿಲ್ 23, ಬುಧವಾರ ಬೆಳಿಗ್ಗೆ ಶಿರಾಳಕೊಪ್ಪ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಹೆಸರು ಮಮತಾ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ಯತೀಶ ಊರಾಚೆಯ ಬನಸಿರಿ ಪ್ಯಾನೆಲ್ಸ್ ಎಂಬ ಉಕ್ಕಿನ ಕಾರ್ಖಾನೆಯಲ್ಲಿ ರಫ್ತು ವಿಭಾಗದ ಅಧಿಕಾರಿ. ಸೋಮವಾರ ಸಂಜೆ ಕೆಲಸ ಮುಗಿಸಿದವನು ಮನೆಗೆ ಬಂದಿರಲಿಲ್ಲ. ಅವನ ಬೈಕು ಮಾತ್ರ ಕಾರ್ಖಾನೆಯ ಗೇಟಿನ ಪಕ್ಕ ಹಾಗೇ ನಿಂತಿತ್ತು.

ಇನ್ಸ್‌ಪೆಕ್ಟರ್ ಮಹೇಶ್ವರಪ್ಪನವರಿಗೆ ಇಂಥ ದೂರು ಕೇಳಿ ಕೇಳಿ ಸಾಕಾಗಿತ್ತು. ಕಾಣೆಯಾದ ಗಂಡಂದಿರಲ್ಲಿ ಮುಕ್ಕಾಲು ಪಾಲು ಹೊಟ್ಟೆ ಹಸಿದ ಮೇಲೆ ತಾವೇ ವಾಪಸಾಗುತ್ತಾರೆ ಎಂಬುದು ಅವರ ಅನುಭವ.

"ಜಗಳ ಏನಾದ್ರೂ ಆಗಿತ್ತೇನಮ್ಮ?"

"ಇಲ್ಲ ಸಾರ್."

"ಕುಡಿತ?"

"ಇಲ್ಲ."

"ಫೋನು?"

"ನಿನ್ನೆ ಮಧ್ಯಾಹ್ನ ಒಂದ್ಸಲ ಬಂತು. ಆಮೇಲೆ ಸ್ವಿಚ್ ಆಫ್."

"ಫೋನು ಬಂದಿದೆ, ಕಾಣೆಯಾಗಿದ್ದಾರೆ ಅಂತೀರಲ್ಲ. ಏನಂದ್ರು?"

ಮಮತಾ ಮೇಜಿನ ಅಂಚು ಹಿಡಿದುಕೊಂಡಳು.

"'ಮನೇಲಿದ್ದೀನಿ' ಅಂದ್ರು ಸಾರ್. ಆಗ ನಾನು ಮನೇಲೇ ನಿಂತಿದ್ದೆ. ಅಡುಗೆಮನೆ, ಹಿತ್ತಲು, ಮಹಡಿ ಎಲ್ಲ ಓಡಾಡಿ ನೋಡಿದೆ. ಯಾವ ಮನೆ ರೀ, ಯಾರ ಮನೆ ಅಂದೆ. 'ಇದು ಮನೆ, ಇದು ಮನೆ' ಅಂತ ಮತ್ತೆ ಮತ್ತೆ ಅದನ್ನೇ ಅಂದ್ರು. ಹಿಂದೆ ಯಾರೋ ತಗಡಿಗೆ ಬೆರಳಲ್ಲಿ ತಟ್ಟಿದ ಹಾಗೆ ಟಕ್, ಟಕ್ ಅಂತ ಸದ್ದು."

ದೂರು ಬರೆಯುತ್ತಿದ್ದ ಕಾನ್‌ಸ್ಟೇಬಲ್ ಪವಿತ್ರಳ ಪೆನ್ನು ನಿಂತಿತು. ಸೊರಬದ ಕಡೆಯ ಹುಡುಗಿ, ಸುಲಭಕ್ಕೆ ಹೆದರುವವಳಲ್ಲ. ಮಹೇಶ್ವರಪ್ಪ ಅವಳತ್ತ ಕಣ್ಣು ಬಿಟ್ಟರು. ಪೆನ್ನು ಮತ್ತೆ ಓಡಿತು. ಕಾಣೆ ಪ್ರಕರಣ ದಾಖಲಾಯಿತು.

"ಅವರನ್ನ ಜೀವಂತ ತಂದುಕೊಡಿ ಸಾರ್," ಎಂದಳು ಮಮತಾ. "ಅದು ಅವರ ದನಿನೇ. ಆದ್ರೆ ಅವರು ಆಡೋ ಹಾಗಿರಲಿಲ್ಲ."

ಹನ್ನೊಂದು ಗಂಟೆಗೆ ಜೀಪು ಬನಸಿರಿಯ ಅಂಗಳಕ್ಕೆ ಬಂತು. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ನೀಲಿ ಬಣ್ಣದ ಉಕ್ಕಿನ ಪ್ಯಾನೆಲ್‌ಗಳನ್ನು ಆಳೆತ್ತರಕ್ಕೆ ಸಾಲುಸಾಲಾಗಿ ಪೇರಿಸಿಟ್ಟಿದ್ದರು. ಮಹೇಶ್ವರಪ್ಪ ಆ ಸಾಲುಗಳ ನಡುವೆ ನಡೆಯುವಾಗ ಎಡಗಡೆಯಿಂದ ಟಕ್ ಎಂದಿತು. ತಿರುಗಿದರು, ಯಾರೂ ಇಲ್ಲ. ಬಲಗಡೆಯಿಂದ ಟಕ್, ಟಕ್. ಇಡೀ ಅಂಗಳ ತಮ್ಮನ್ನು ನೋಡಿ ತನ್ನೊಳಗೇ ಏನೋ ಆಡಿಕೊಳ್ಳುತ್ತಿದೆ ಅನ್ನಿಸಿತು.

"ಉಕ್ಕು ಸರ್, ಬಿಸಿಲಿಗೆ ಹಿಗ್ಗುತ್ತೆ," ಎಂದ ಮ್ಯಾನೇಜರ್. "ಹೊಸಬರು ಹೆದರ್ತಾರೆ."

"ನಾನು ಹೆದರಿದೆ ಅಂತ ಯಾರು ಹೇಳಿದ್ದು ನಿಮಗೆ? ಯತೀಶನ ಕೆಲಸ ಏನಿಲ್ಲಿ?"

"ಟಾರಿಫ್ ಕ್ಲಾಸಿಫಿಕೇಶನ್ ಸರ್."

"ಕನ್ನಡದಾಗೆ ಹೇಳ್ರೀ. ನಾನು ಓದಿದ್ದು ಹಳ್ಳಿ ಶಾಲ್ಯಾಗೆ."

ಮ್ಯಾನೇಜರ್ ಒಂದು ಪ್ಯಾನೆಲ್ ಮೇಲೆ ಕೈಯಿಟ್ಟು, ಬಿಸಿಗೆ ಚಟ್ಟನೆ ಹಿಂದೆಗೆದುಕೊಂಡು, ವಿವರಿಸಿದ. ಹಡಗಿನಲ್ಲಿ ಹೋಗುವ ಪ್ರತಿ ಸಾಮಾನಿಗೂ ಒಂದು ಸಂಖ್ಯೆ ಇರುತ್ತದೆ. ಬಣ್ಣ ಹಚ್ಚಿದ ಬರೀ ತಗಡಾದರೆ 7210. ಅದನ್ನೇ ಅಳತೆಗೆ ಕತ್ತರಿಸಿ, ಅಂಚು ಮಡಚಿ, ಬೋಲ್ಟಿಗೆ ತೂತು ಹೊಡೆದರೆ ಅದು ಕಟ್ಟಡದ ಭಾಗ, 7308. ಗೋಡೆ, ಮಾಡು ಎಲ್ಲ ಸೇರಿ ಒಂದೇ ಸಲ ಹೋದರೆ ಅದು ಸಿದ್ಧ ಕಟ್ಟಡ, 9406. ಸಂಖ್ಯೆ ಬದಲಾದರೆ ಕೊಳ್ಳುವ ದೇಶದವರು ಹಾಕುವ ಸುಂಕ ಬದಲಾಗುತ್ತದೆ. ಸಂಖ್ಯೆ ತಪ್ಪಾದರೆ ಕಂಟೇನರು ಬಂದರಿನಲ್ಲೇ ಕೂತು ತುಕ್ಕು ಹಿಡಿಯುತ್ತದೆ.

"ಅಂದ್ರೆ ಇದು ತಗಡೋ ಮನೆಯೋ ಅಂತ ಹೇಳೋನು ಈತ."

"ಹಾಗೇ ಅನ್ನಿ."

"ಇವನ್ನೆಲ್ಲ ಏನಂದಿದ್ದ?"

"ಭಾಗ ಅಂತ. ನಾವು ಬಾಗಿಲು ಕಳಿಸಲ್ಲ, ಅಲ್ಲಿಯವರೇ ಹಾಕ್ಕೊಳ್ತಾರೆ. ಬಾಗಿಲಿಲ್ಲದಿದ್ರೂ ಕಟ್ಟಡ ಅನ್ನಬಹುದು ಅನ್ನೋರೂ ಇದ್ದಾರೆ. ಇವನು ಒಪ್ಪಲಿಲ್ಲ. ಬಾಗಿಲಿಲ್ಲದ್ದು ಕಟ್ಟಡ ಅಲ್ಲ, ಸುಮ್ಮನೆ ತಗಾದೆ ಬೇಡ ಅಂದ. ಬಹಳ ಜಾಗರೂಕ ಮನುಷ್ಯ."

"ಅದರಿಂದ ಯಾರಿಗಾದ್ರೂ ಹೊಟ್ಟೆ ಉರೀತಾ?"

ಮ್ಯಾನೇಜರ್ ನಕ್ಕ. "ತಗಡಿನ ನಂಬರಿಗೆ ಯಾರು ಸರ್ ಮನುಷ್ಯನ್ನ ಹೊತ್ಕೊಂಡು ಹೋಗ್ತಾರೆ?"

ಗೇಟಿನ ಕಾವಲುಗಾರ ಮಾತ್ರ ಉಪಯೋಗಕ್ಕೆ ಬಂದ. ಸೋಮವಾರ ಸಂಜೆ ಯತೀಶ ಬೈಕು ಹತ್ತುವಷ್ಟರಲ್ಲಿ ಹೊರಗೆ ಒಂದು ಟ್ರಾಕ್ಟರ್ ಬಂದು ನಿಂತಿತ್ತಂತೆ. ಹಿಂದೆ ಟ್ರೇಲರ್, ಅದರ ಮೇಲೆ ಟಾರ್ಪಾಲು. ಯತೀಶ ಒಂದಿಷ್ಟು ಮಾತಾಡಿ, ತಾನೇ ಟ್ರಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹೋದ.

"ಓಡಿಸ್ತಿದ್ದೋನು?"

"ಮುಖ ಕಾಣ್ಲಿಲ್ರೀ. ತಲಿ ಮ್ಯಾಲೆ ಕಂಬಳಿ ಕೊಪ್ಪೆ ಹಾಕಿದ್ದ."

"ಏಪ್ರಿಲ್ ಸೆಕೇಲಿ ಕಂಬಳಿನಾ?"

"ಅದಕ್ಕೇ ನೆನಪೈತಿ ಸಾಹೇಬ್ರ. ಮಳಿಗಾಲದಾಗಿನ ಮನುಷ್ಯ ತಪ್ಪಿ ಬ್ಯಾಸಗ್ಯಾಗೆ ಬಂದಂಗಿದ್ದ."

ಗುರುವಾರ ಬೆಳಿಗ್ಗೆ ಮೊಬೈಲ್ ಕಂಪನಿಯಿಂದ ಉತ್ತರ ಬಂತು. ಯತೀಶನ ಕೊನೆಯ ಕರೆ ಹೋಗಿದ್ದು ಬಂದಳಿಕೆಯ ಕಡೆಯ ಟವರಿನಿಂದ. ಒಂಬತ್ತೂವರೆಗೆ ಮಹೇಶ್ವರಪ್ಪ, ಪವಿತ್ರ ಅಲ್ಲಿದ್ದರು. ಹಾಳುಬಿದ್ದ ಗುಡಿಗಳ ಆಚೆ ಹೊಲ, ಹೊಲದಾಚೆ ಬಯಲು. ಬಯಲಿನಲ್ಲಿ ಒಂದು ಕುರಿ ಹಿಂಡು ವಿಚಿತ್ರವಾಗಿ ನಿಂತಿತ್ತು. ಒಂದೂ ಮೇಯುತ್ತಿರಲಿಲ್ಲ, ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಒಂದೇ ಕಡೆ ಮುಖ ಮಾಡಿದ್ದವು. ಕುರಿ ಕಾಯುವ ಉಜ್ಜಪ್ಪ ಕೋಲಿಗೆ ಗದ್ದ ಊರಿ ಇವರನ್ನೇ ನೋಡುತ್ತಿದ್ದ.

"ಆ ಮನಿ ಹುಡುಕ್ಕೊಂತ ಬಂದೀರೇನ್ರೀ?"

"ಯಾವ ಮನಿ?"

"ನಡಿಯೋ ಮನಿ."

"ಬೆಳಿಗ್ಗೆನೇ ಏರಿಸಿ ಬಂದಿಯೇನೋ?"

"ಮಾಲಿ ಹಾಕಿ ಹತ್ತು ವರ್ಷಾತು, ಮುಟ್ಟಿಲ್ಲ. ಬೇಕಾದ್ರ ಬಾಯಿ ಮೂಸಿ ನೋಡ್ರಿ." ಉಜ್ಜಪ್ಪ ಬಾಯಿ ತೆರೆದು ಮುಂದೆ ಬಂದ. ಮಹೇಶ್ವರಪ್ಪ ಹಿಂದೆ ಸರಿದರು. "ನೀಲಿ ತಗಡಿಂದು. ಬಾಗಿಲಿಲ್ಲ, ಕಿಟಕಿಲ್ಲ. ಮಂಗಳಾರ ಆ ಬೇವಿನ ಗಿಡದ ತಾವ ನಿಂತಿತ್ತು. ನಿನ್ನೆ ಮುಂಜಾನಿ ನೋಡ್ತೀನಿ, ಇಲ್ಲ. ಸ್ವಲ್ಪ ಹೊತ್ತಿಗೆ ಹೊಡಕೊಂಡು ಹೋದ್ರ ಕೆರಿ ಅಂಗಳದಾಗೆ ನಿಂತೈತಿ. ನನ್ನ ಟಗರು ಅದರ ಮುಂದ ಮಂಡಿ ಊರಿ ಕುಂತುಬಿಡ್ತು. ಎಳದ್ರೂ ಏಳ್ಲಿಲ್ಲ."

"ಒಳಗ ಯಾರಿದ್ರು?"

"ಒಳಗ ಹೋಗಾಕ ದಾರಿ ಎಲ್ಲೈತ್ರೀ? ಮನಿನೇ ಮಾತಾಡಾಕತ್ತಿತ್ತು. 'ಇದು ಮನೆ' ಅಂತಿತ್ತು. ವಸಿ ತಡದು ಮತ್ತೆ 'ಇದು ಮನೆ'. ಎಳೇ ಕೂಸಿಗೆ ಮಾತು ಕಲಿಸ್ತಾರಲ್ಲ, ಹಂಗ."

ಪವಿತ್ರ ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವರು ಬೇವಿನ ಮರದತ್ತ ನಡೆದರು.

ಅಲ್ಲಿ ಹುಲ್ಲಿನ ಮೇಲೆ ಒಂದು ಚೌಕ ಇತ್ತು. ಸುತ್ತಲಿನ ಹುಲ್ಲು ನಿಂತಿದ್ದರೆ ಚೌಕದೊಳಗಿನದು ಮಲಗಿ ಹಳದಿಗಟ್ಟಿತ್ತು. ಅಂಚು ಚಾಕುವಿನಿಂದ ಕೊರೆದಷ್ಟು ನೇರ. ನಾಲ್ಕೂ ಮೂಲೆಗೆ ಅರಿಶಿನ. ಹೊರಗೆ ಮೂರು ಕಲ್ಲಿನ ಒಲೆ, ಕಲ್ಲಿನ ಮೇಲೆ ಉಕ್ಕಿ ಸುಟ್ಟ ಹಾಲಿನ ಕೆನೆ.

"ಎಂತ ಸಾರ್ ಇದು, ಹಾಲುಕ್ಕಿಸಿದಾರೆ," ಎಂದಳು ಪವಿತ್ರ. "ಹೊಸಮನೆ ಹೊಕ್ಕಂಗೆ."

ಮಹೇಶ್ವರಪ್ಪನವರ ಕಣ್ಣು ಬೇರೆ ಕಡೆಗಿತ್ತು. ಯಾವ ಮನೆ ಕಿತ್ತರೂ ಬಾಗಿಲಿದ್ದ ಕಡೆ ಕಾಲು ತುಳಿದ ಗುರುತು ಇರುತ್ತದೆ. ಇಲ್ಲಿ ಒಬ್ಬನೇ ಮನುಷ್ಯನ ಬರಿಗಾಲಿನ ಗುರುತು ಚೌಕವನ್ನು ಸುತ್ತಿ ಸುತ್ತಿ ಹೋಗಿತ್ತು. ಒಂದೂ ಒಳಗೆ ಹೋಗಿರಲಿಲ್ಲ. ಒಳಗೆ, ಒಂದು ಅಂಚಿನ ಉದ್ದಕ್ಕೂ, ಮಣ್ಣನ್ನು ಯಾರೋ ಬೆರಳಿನಿಂದ ಕೆರೆದಿದ್ದರು. ಗೀರುಗಳು ಗೇಣುದ್ದ, ಆಳ. ಪವಿತ್ರ ಬಗ್ಗಿ ಒಂದು ಗೀರಿನೊಳಗಿಂದ ಏನನ್ನೋ ಚಿಮಟದಲ್ಲಿ ಎತ್ತಿದಳು. ಮುರಿದ ಉಗುರು.

ಊರಿನಿಂದ ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಮಾಡಿದರು. ಕೆರೆ ಅಂಗಳದಲ್ಲೂ ಅಂಥದೇ ಚೌಕ, ಅದೇ ಅರಿಶಿನ, ಅದೇ ಒಲೆ. ಅಲ್ಲಿ ಗೀರುಗಳು ಬೆರಳುದ್ದಕ್ಕೆ ನಿಂತಿದ್ದವು. ಮಣ್ಣು ಅಷ್ಟೇ ಮೆದು, ಕೆರೆದವನ ಕೈ ಮಾತ್ರ ಸೋತಿತ್ತು. ಮಹೇಶ್ವರಪ್ಪ ಅಲ್ಲೇ ನಿಂತು ಠಾಣೆಗೆ ಫೋನು ಮಾಡಿ, ಕಾಣೆ ಪ್ರಕರಣವನ್ನು ಅಪಹರಣ ಮತ್ತು ಅಕ್ರಮ ಬಂಧನದ ಎಫ್‌ಐಆರ್ ಆಗಿ ಬದಲಿಸಲು ಹೇಳಿದರು.

ಟ್ರಾಕ್ಟರಿನ ಗಾಲಿ ಗುರುತು ಡಾಂಬರು ರಸ್ತೆ ತನಕ ಬಂದು ಸತ್ತಿತ್ತು. ಅಲ್ಲಿಂದ ಎತ್ತ? ಶಿಕಾರಿಪುರದ ಕಡೆಯೋ, ಸೊರಬದ ಕಡೆಯೋ? ಮಹೇಶ್ವರಪ್ಪ ಫೋನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಬೈದರು. ಕೊನೆಗೆ ಬೈಯಲು ಯಾರೂ ಉಳಿಯದೆ ಸುಮ್ಮನಾದಾಗ, ಹಿಂದೆಯೇ ಬಂದಿದ್ದ ಉಜ್ಜಪ್ಪ ಎಲೆ ಅಡಿಕೆ ಉಗಿದ.

"ಅದು ಎಲ್ಲಿಗೆ ಹೋಗೈತಿ ಅಂತ ನನ್ನ ಕೇಳ್ರಲ್ಲ. ಹಾದಿ ಮ್ಯಾಲೇ ಹೊಂಟೈತಿ."

"ಯಾವ ಹಾದಿ?"

"ಮಂದಿ ಹಾದಿ. ಕುರಿ ಮಂದಿ."

ಬೇಸಿಗೆಯಲ್ಲಿ ಕುರಿಯವರು ಊರೂರಿನ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಗೆ ತಾವು. ಹೋದ ವರ್ಷ ಹೊಲದವನಿಗೆ ಮಾತು ಕೊಟ್ಟಿದ್ದರೆ ಈ ವರ್ಷ ಅಲ್ಲಿ ಮಂದೆ ಇಳಿಯಲೇಬೇಕು. ಒಂದು ತಾವು ಬಿಟ್ಟು ಮುಂದಿನದಕ್ಕೆ ಹೋಗುವ ಹಾಗಿಲ್ಲ. ಹೋದರೆ ಮನೆತನದ ಮಾತು ಹೋದ ಹಾಗೆ. ಮಹೇಶ್ವರಪ್ಪನವರಿಗೆ ಇದು ಹೊಸದಲ್ಲ, ಅವರ ತಂದೆಯೂ ಹೊಲಕ್ಕೆ ಮಂದೆ ನಿಲ್ಲಿಸಿಕೊಂಡವರೇ. ಆದರೆ ಮನೆಯೊಂದು ಆ ಹಾದಿ ಹಿಡಿಯುವುದನ್ನು ಅವರು ಕೇಳಿರಲಿಲ್ಲ.

"ಬೇವಿನ ಹೊಲ, ಕೆರಿ ಅಂಗಳ. ಇದು ಯಾರ ಹಾದಿ ಉಜ್ಜಪ್ಪ?"

ಉಜ್ಜಪ್ಪ ಕೋಲು ಬದಲಿಸಿದ. ಹೇಳಲು ಮನಸ್ಸಿರಲಿಲ್ಲ.

"ಗುಡ್ಡಮ್ಮಂದು. ಹ್ವಾದ ತಿಂಗಳು ಸತ್ಲು ಆಕಿ. ತನ್ನ ಮನಿ ತಾನೇ ತಗೊಂಡು ಹೊಂಟಾಳ ಅಂತ ನಾನಂತೂ ಕೈ ಮುಗುದೀನಿ. ನೀವೂ ಮುಗೀರಿ, ತಪ್ಪಿಲ್ಲ."

"ಸತ್ತೋಳಿಗೆ ಟ್ರಾಕ್ಟರ್ ಓಡಿಸಾಕ ಬರಲ್ಲ. ಹೆಂಗ ಸತ್ಲು?"

"ಬೆಂದು ಸತ್ಲು ಅಂದ್ರ ನಂಬ್ತೀರಾ? ಬೆಂಕಿ ಇಲ್ದಂಗ. ಮಗ ನವೀನ ತಗಡಿನ ಕಂಪನ್ಯಾಗ ಮೇಸ್ತ್ರಿ. ನಮ್ಮವ್ವ ಹುಟ್ಟಿದಾಗಿಂದ ಕುರಿ ಹಿಂದ ಬಯಲಾಗೇ ಮಲಗ್ಯಾಳ, ಆಕಿಗೊಂದು ಮನಿ ಮಾಡ್ತೀನಿ ಅಂತ ಕಂಪನಿ ಬ್ಯಾಡ ಅಂದ ಪ್ಯಾನೆಲ್ ತಂದು ಕಟ್ಟಿದ. ಪಂಚಾಯ್ತಿಯೋರು ಮನಿ ನಂಬರ್ ಕೊಡ್ಲಿಲ್ಲ. ನಂಬರ್ ಇಲ್ಲ, ಮೀಟ್ರಿಲ್ಲ. ಮೀಟ್ರಿಲ್ಲ, ಫ್ಯಾನಿಲ್ಲ. ಮಾರ್ಚಿ ಬಿಸಿಲಾಗ ಮಧ್ಯಾಹ್ನ ಒಳಗ ಮಲಗಿದಾಕಿ ಏಳ್ಲಿಲ್ಲ."

ಮಹೇಶ್ವರಪ್ಪ ಮ್ಯಾನೇಜರಿಗೆ ಫೋನು ಹಚ್ಚಿದರು.

"ನವೀನ ಯಾರು?"

"ನಮ್ಮ ಜೋಡಣೆ ಮೇಸ್ತ್ರಿ ಸರ್. ತಾಯಿ ತೀರ್ಕೊಂಡ ಮೇಲೆ ರಜೆ."

"ಅವನ ಮನೆಗೆ ನಂಬರ್ ಯಾಕೆ ಸಿಗಲಿಲ್ಲ?"

ಆ ಕಡೆ ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಪಂಚಾಯ್ತಿಯವರು ಇದೇನು ವಸ್ತು ಅಂತ ನಮ್ಮನ್ನ ಕೇಳಿದ್ರು. ಯತೀಶ 'ಪ್ಯಾನೆಲ್‌ಗಳು, ಕಟ್ಟಡ ಅಲ್ಲ' ಅಂತ ಬರೆದುಕೊಟ್ಟ. ಬಂದರಿಗೆ ಒಂದು, ಪಂಚಾಯ್ತಿಗೆ ಒಂದು ಹೇಳಿದ್ರೆ ನಾಳೆ ನಮ್ಮನ್ನೇ ಹಿಡೀತಾರೆ ಅಂದ. ಅವನು ಹೇಳಿದ್ದು ಸರಿ ಸರ್. ಅದಕ್ಕೂ ಬಾಗಿಲಿರಲಿಲ್ಲ, ಕಂಬಳಿ ಇಳಿಬಿಟ್ಟಿದ್ರು ಅಷ್ಟೇ."

"ನಿನ್ನೆ ಕೇಳಿದ್ನಲ್ಲೋ, ಯಾರಿಗೆ ಹೊಟ್ಟೆ ಉರೀತಂತ? ನಗ್ತಿದ್ಯಲ್ಲ ಹಲ್ಲು ಕಿಸಕೊಂಡು."

ಉತ್ತರಕ್ಕೆ ಕಾಯದೆ ಕರೆ ಕತ್ತರಿಸಿದರು. ತಾಯಿ ಯಾವ ತಗಡಿನೊಳಗೆ ಬೆಂದಳೋ ಅದರೊಳಗೇ ಈಗ ಯತೀಶ ಇದ್ದಾನೆ. ಆಗ ಗಾಳಿಗೆ ಬಾಗಿಲಿನಷ್ಟು ಜಾಗವಾದರೂ ಇತ್ತು. ಈಗ ಅದೂ ಮುಚ್ಚಿದೆ.

"ಕೆರಿ ಅಂಗಳ ಆದ ಮ್ಯಾಲೆ ಆಕಿ ಮಂದಿ ಎಲ್ಲಿ?"

"ಕಟ್ಟಕಡಿ ತಾವು. ಸೊರಬದ ಕಡಿ, ಕ್ಯಾಸನೂರು ಕಾಡಂಚು. ರಾಜೇಶ್ವರಮ್ಮೋರ ಗದ್ದಿ."

ಸೊರಬ ಠಾಣೆಯಿಂದ ಇಬ್ಬರು ಕಾನ್‌ಸ್ಟೇಬಲ್‌ಗಳು ದಾರಿಯಲ್ಲಿ ಕೂಡಿಕೊಂಡರು. ಕಾಡಿನಂಚಿಗೆ ಇಳಿಯುವ ಮುನ್ನ ಪವಿತ್ರ ಎಲ್ಲರ ಕೈಗೂ ಉಣುಗಿನ ಎಣ್ಣೆ ಸುರಿದಳು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಊರು ಅದು, ಅಲ್ಲಿನವರು ಎಣ್ಣೆ ಹಚ್ಚದೆ ಸೊಪ್ಪಿಗೂ ಹೋಗುವುದಿಲ್ಲ.

ರಾಜೇಶ್ವರಮ್ಮ ಅಂಗಳದಲ್ಲೇ ಸಿಕ್ಕರು. ಗಂಡ ಸತ್ತ ಮೇಲೆ ಗದ್ದೆ ತಾವೇ ಮಾಡಿಸುವ ಗಟ್ಟಿ ಹೆಂಗಸು, ಪೊಲೀಸರನ್ನು ಕಂಡು ಸೆರಗು ಕೂಡ ಸರಿಮಾಡಿಕೊಳ್ಳಲಿಲ್ಲ.

"ಹೌದು ಮಾರಾಯ್ರೆ, ಗುಡ್ಡಮ್ಮನ ಮಗ ಬಂದಿದ್ದ. ಅವ್ವ ಮಾತು ಕೊಟ್ಟಿದ್ಲು, ಈ ಸಲ ಮಂದೆ ಇಲ್ಲ, ಮನೆ ನಿಲ್ಲಿಸ್ಲಾ ಅಂದ. ನಿಲ್ಲಿಸು ಅಂದೆ. ಹಾಲು ಇಸ್ಕಂಡು ಹೋದ. ನಿನ್ನೆ ಹೊತ್ತು ಇಳಿಯೋದ್ರೊಳಗೆ ಗದ್ದೆ ಕೊನೇಲಿ ಮನೆ ಎದ್ದಿತ್ತು."

"ಹತ್ರ ಹೋಗಿದ್ರಾ?"

"ಬೆಳಿಗ್ಗೆ ಹೋಗಿದ್ದೆ. ಅವ ಇರ್ಲಿಲ್ಲ, ಸೌದೆಗೆ ಹೋಗಿದ್ನೋ ಎಂತದೋ. ಸುತ್ತ ಬಂದ್ರೂ ಬಾಗಿಲು ಸಿಗ್ಲಿಲ್ಲ. ಗೋಡೆ ತಟ್ಟಿದೆ, ಒಂದ್ಸಲ. ಒಳಗಿಂದ ಒಂದ್ಸಲ ತಟ್ತು. ಎರಡು ಸಲ ತಟ್ಟಿದೆ. ಅದೂ ಎರಡು ಸಲ." ರಾಜೇಶ್ವರಮ್ಮ ದನಿ ತಗ್ಗಿಸಿದರು. "ಯಾರದು ಅಂದೆ. 'ಇದು ಮನೆ' ಅಂತು. ಎದ್ದೆನೋ ಬಿದ್ದೆನೋ ಅಂತ ಓಡಿಬಂದೆ."

"ಯಾರಿಗೂ ಹೇಳಲಿಲ್ವಾ?"

"ಎಂತ ಹೇಳೋದು? ಗುಡ್ಡಮ್ಮ ಸತ್ತಿದ್ದು ಗೊತ್ತಿತ್ತಲ್ಲ ನಂಗೆ."

ಗದ್ದೆಯ ಕೊನೆಯಲ್ಲಿ ಕಾಡಿಗೆ ಬೆನ್ನು ಕೊಟ್ಟು ಅದು ನಿಂತಿತ್ತು. ನೀಲಿ. ಮರದ ನೆರಳು ಅದನ್ನು ಮುಟ್ಟುತ್ತಿರಲಿಲ್ಲ. ಮೂರು ಗಂಟೆಯ ಬಿಸಿಲಿನಲ್ಲಿ ಅದರ ಮಾಡಿನ ಮೇಲಿನ ಗಾಳಿ ನೀರಿನ ಹಾಗೆ ಅಲುಗುತ್ತಿತ್ತು. ಕಾಡಿನಲ್ಲಿ ಒಂದು ಹಕ್ಕಿಯ ಕೂಗೂ ಇರಲಿಲ್ಲ. ಗೋಡೆ ಟಕ್ ಎಂದಿತು. ಉಕ್ಕು ಹಿಗ್ಗಿದ್ದೋ, ಮನುಷ್ಯ ತಟ್ಟಿದ್ದೋ, ಹೇಳಲು ಬರುವಂತಿರಲಿಲ್ಲ. ಮಹೇಶ್ವರಪ್ಪ ಲಾಠಿಯ ತುದಿಯಿಂದ ಒಮ್ಮೆ ತಟ್ಟಿದರು. ಕಾದರು. ಮತ್ತೊಮ್ಮೆ ತಟ್ಟಿದರು. ಒಳಗಿನಿಂದ ಏನೂ ಬರಲಿಲ್ಲ.

ಮರದ ಕೆಳಗೆ ಕಂಬಳಿ ಕೊಪ್ಪೆ ಹಾಕಿ ಕೂತಿದ್ದವನು ಎದ್ದು ನಿಂತ. ಮೂವತ್ತರ ಆಸುಪಾಸು, ಒಣಗಿದ ಮುಖ. ಓಡಲಿಲ್ಲ. ಇಬ್ಬರು ಕಾನ್‌ಸ್ಟೇಬಲ್‌ಗಳು ತೋಳು ಹಿಡಿದರೂ ಕೊಸರಲಿಲ್ಲ. ಅವನ ಸೊಂಟದಲ್ಲಿ ಸ್ಪ್ಯಾನರ್ ಇತ್ತು.

"ನವೀನಾ?"

"ಹೌದ್ರೀ."

"ಬಿಚ್ಚೋ."

"ಏನನ್ನ ಬಿಚ್ಚಲ್ರೀ?"

"ಈ ತಗಡನ್ನ."

"ತಗಡಿನೊಳಗ ಮನುಷ್ಯ ಇರಂಗಿಲ್ಲ ಸಾರ್."

ಮಹೇಶ್ವರಪ್ಪ ಕೆನ್ನೆಗೆ ಬಾರಿಸಿದರು. ನವೀನನ ತಲೆ ಒಂದು ಕಡೆ ತಿರುಗಿತು, ಮತ್ತೆ ಮೊದಲಿನ ಜಾಗಕ್ಕೆ ಬಂತು, ಅಷ್ಟೇ. ಸ್ಪ್ಯಾನರ್ ಕಿತ್ತುಕೊಂಡ ಕಾನ್‌ಸ್ಟೇಬಲ್ ಮೂಲೆಯ ಬೋಲ್ಟು ತಿರುಗಿಸಿದ. ಎರಡು ಸುತ್ತು ತಿರುಗುವಷ್ಟರಲ್ಲಿ ಇಡೀ ಮನೆ ನರಳಿತು. ಮಾಡು ಒಂದು ಕಡೆ ಬೆರಳಗಲ ಕುಸಿಯಿತು.

"ಅದನ್ನ ಬಿಚ್ಚಿದ್ರ ಮಾಡು ಅವನ ಮ್ಯಾಲೆ ಕೂರ್ತೈತಿ," ಎಂದ ನವೀನ. "ಬಿಚ್ಚಾಕ ಒಂದು ವರಸಿ ಐತಿ."

ಕಾನ್‌ಸ್ಟೇಬಲ್ ಕೈ ತೆಗೆದ.

"ಯಾವುದು ಮೊದ್ಲು? ಹೇಳೋ."

"ಇದು ಏನಂತ ನೀವು ಹೇಳ್ರಿ."

ಹೇಳುವುದಕ್ಕೇನು? ಒಂದು ಮಾತು. ಮಹೇಶ್ವರಪ್ಪ ಬಾಯಿ ತೆರೆದರು. ನವೀನ ಕೈ ಅಡ್ಡ ಮಾಡಿದ.

"ಬಾಯಿ ಮಾತು ಬ್ಯಾಡ್ರೀ. ಅವನೂ ಮೊದಲ್ನೇ ದಿನದಿಂದ ಹೇಳಾಕತ್ತಾನ. ನೀರು ಬೇಕು, ಅದಕ್ಕ ಹೇಳ್ತಾನ. ನಿಮಗ ಅವನು ಬೇಕು, ಅದಕ್ಕ ಹೇಳ್ತೀರಿ."

ಮಹೇಶ್ವರಪ್ಪನವರಿಗೆ ಇನ್ನೊಂದು ಬಾರಿಸುವಷ್ಟು ಸಿಟ್ಟು ಬಂದಿತ್ತು. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಹೊಡೆದು ಪ್ರಯೋಜನವಿಲ್ಲ ಎಂಬುದು ಮೊದಲ ಏಟಿಗೇ ಗೊತ್ತಾಗಿತ್ತು. ಗೋಡೆಯೊಳಗಿನ ಮೌನ ನಿಮಿಷ ನಿಮಿಷಕ್ಕೂ ಭಾರವಾಗುತ್ತಿತ್ತು. ಅವರು ಮೂಲೆಯ ಅರಿಶಿನ ನೋಡಿದರು, ಕಲ್ಲಿನ ಮೇಲೆ ಉಕ್ಕಿದ ಹಾಲು ನೋಡಿದರು. ಆಮೇಲೆ ಗದ್ದೆಯ ಬದುವಿನ ಮೇಲೆ ಕೂತು, ಬೂಟಿನ ಲೇಸು ಬಿಚ್ಚತೊಡಗಿದರು.

ಕಾನ್‌ಸ್ಟೇಬಲ್‌ಗಳಿಗೆ ಅರ್ಥವಾಗಲಿಲ್ಲ. ಪವಿತ್ರಳಿಗೆ ಆಯಿತು. ಅವಳೂ ಶೂ ಬಿಚ್ಚಿದಳು. ಮಹೇಶ್ವರಪ್ಪ ಸಾಕ್ಸು ತೆಗೆದು ಬೂಟಿನೊಳಗೆ ತುರುಕಿ, ಎರಡನ್ನೂ ಗೋಡೆಯ ಹೊರಗೆ ಒತ್ತಟ್ಟಿಗೆ ಇಟ್ಟರು. ಕಾದ ಮಣ್ಣಿಗೆ ಅಂಗಾಲು ಚುರುಗುಟ್ಟಿತು. ಉಳಿದಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಗ್ಗಿದರು. ಬಾಗಿಲೇ ಇಲ್ಲದ ಗೋಡೆಯ ಮುಂದೆ ನಾಲ್ಕು ಜೊತೆ ಪೊಲೀಸ್ ಬೂಟುಗಳು ಸಾಲಾಗಿ ನಿಂತವು.

ನವೀನ ಆ ಬೂಟುಗಳನ್ನು ನೋಡುತ್ತ ನಿಂತ. ಕಂಬಳಿಯ ಸೆರಗಿನಿಂದ ಮುಖ ಒರೆಸಿಕೊಂಡು ಸ್ಪ್ಯಾನರಿಗೆ ಕೈ ಚಾಚಿದ.

"ಈ ಕಡಿಂದ ಬರ್ರೀ ಸಾರ್," ಎಂದ, ಮನೆಗೆ ಬಂದವರನ್ನು ಕರೆಯುವ ದನಿಯಲ್ಲಿ.

ಮೂರು ಗಂಟೆ ನಲವತ್ತು ನಿಮಿಷಕ್ಕೆ ಒಂದು ಪ್ಯಾನೆಲ್ ಕಳಚಿತು. ಒಳಗಿನ ಬಿಸಿ ಹೊರಬಂದು ಒಲೆಯ ಬಾಯಿಯಂತೆ ಮುಖಕ್ಕೆ ಬಡಿಯಿತು. ಯತೀಶ ಮಗ್ಗುಲಾಗಿ ಬಿದ್ದಿದ್ದ. ತುಟಿ ಸೀಳಿತ್ತು, ಕಣ್ಣು ಅರೆ ಮುಚ್ಚಿತ್ತು. ಬಲಗೈಯ ಬೆರಳು ಗೋಡೆಗೆ ತಾಗಿ, ಸದ್ದಿಲ್ಲದೆ, ಇನ್ನೂ ತಟ್ಟುತ್ತಲೇ ಇತ್ತು. ಪವಿತ್ರ ಒಳಗೆ ಹೋಗಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಹಿಂಡಿದಳು. ನೀರು ನಾಲಿಗೆಗೆ ತಾಗಿದ್ದೇ ಅವನ ತುಟಿ ಅಲುಗಿತು. ಅವಳು ಬಗ್ಗಿ ಕೇಳಿಸಿಕೊಂಡಳು, ಏನಂದ ಎಂದು ಯಾರಿಗೂ ಹೇಳಲಿಲ್ಲ.

ಆಂಬುಲೆನ್ಸ್ ಹೋದ ಮೇಲೆ ನವೀನನ ಬಂಧನ ದಾಖಲಾಯಿತು. ಅವನು ಹೇಳಿದ್ದಕ್ಕೆಲ್ಲ ಸಹಿ ಹಾಕಿದ. ಅವ್ವನ ಮನೆ ಕಣ್ಣಾರೆ ನೋಡಿ ಬನ್ನಿ ಎಂದು ಯತೀಶನನ್ನು ಕರೆದೊಯ್ದಿದ್ದು, ಟ್ರಾಕ್ಟರಿನಲ್ಲಿ ಮನೆ ಹೊತ್ತು ತಿರುಗಿದ್ದು, ಪ್ಯಾನೆಲ್‌ಗಳ ನಡುವೆ ಯತೀಶನ ಬಾಯಿ ಕಟ್ಟಿ ಮಲಗಿಸಿದ್ದು, ಸರಪಣಿ ರಾಟೆಯಿಂದ ಒಬ್ಬನೇ ಗೋಡೆ ಎತ್ತಿದ್ದು, ಮಂಗಳವಾರ ಯತೀಶ ಹೆಂಡತಿಗೆ ಎಲ್ಲಿದ್ದೀನಿ ಅಂತ ಹೇಳ್ತೀನಿ ಎಂದು ಬೇಡಿದಾಗ ನೀರು ಕೊಡುವ ಗೋಡೆ ಬುಡದ ಸಂದಿಯಿಂದಲೇ ಫೋನು ಕೊಟ್ಟಿದ್ದು, ಎಲ್ಲ. ಇನ್ನು ವಶಪಡಿಸಿಕೊಳ್ಳುವ ಪಂಚನಾಮೆ. ಪವಿತ್ರ ಪೆನ್ನು ಹಿಡಿದು ಕೂತಳು.

"ಸಾರ್, ವಶಕ್ಕೆ ತಗೊಂಡ ವಸ್ತು... ಎಂತ ಬರೀಲಿ?"

ಮಹೇಶ್ವರಪ್ಪ ಬೂಟಿನ ಲೇಸು ಕಟ್ಟುತ್ತಿದ್ದರು. ಇದನ್ನು ಕಾಡಂಚಿನಲ್ಲಿ ಬಿಡುವ ಹಾಗಿಲ್ಲ. ನ್ಯಾಯಾಲಯಕ್ಕೆ ಒಪ್ಪಿಸಬೇಕು, ಬಿಚ್ಚಿ ಲಾರಿಗೆ ಹೇರಬೇಕು. ಮನೆಯನ್ನು ಲಾರಿಗೆ ಹೇರಲು ಆಗುವುದಿಲ್ಲ.

"ಬಣ್ಣ ಹಚ್ಚಿದ ಉಕ್ಕಿನ ಪ್ಯಾನೆಲ್. ಹನ್ನೆರಡು," ಎಂದರು, ತಲೆ ಎತ್ತದೆ.

ಜೀಪಿನಲ್ಲಿ ಕೂತಿದ್ದ ನವೀನನಿಗೆ ಅದು ಕೇಳಿಸಿತು. ಎಲ್ಲರೂ ಅವನು ಏನಾದರೂ ಮಾಡಬಹುದೆಂದು ಬಿಗಿಯಾದರು.

"ಬಿಚ್ಚಿದ ಮ್ಯಾಲೆ ಅಷ್ಟೇ ರೀ," ಎಂದ ಅವನು.

ಸೊರಬದ ಆಸ್ಪತ್ರೆಯಲ್ಲಿ ಮಮತಾ ಗಂಡನ ಮಂಚದ ಪಕ್ಕ ಕೂತಿದ್ದಳು. ಜೀವಕ್ಕೆ ಅಪಾಯವಿಲ್ಲ ಎಂದಿದ್ದರು ಡಾಕ್ಟರು. ಸಂಜೆ ಹೇಳಿಕೆ ಪಡೆಯಲು ಮಹೇಶ್ವರಪ್ಪ ಹೋದಾಗ ಯತೀಶನಿಗೆ ಎಚ್ಚರವಿತ್ತು. ಪ್ರತಿ ಪ್ರಶ್ನೆಗೂ ಅವನು ಮೊದಲು ಮಂಚದ ಕಬ್ಬಿಣಕ್ಕೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದ. ಆಮೇಲೆ ಮಾತು. 'ಇದು ಮನೆ' ಎಂಬುದು ಬಿಟ್ಟು ಬೇರೆ ಏನು ಹೇಳಿದರೂ ನವೀನ ನೀರು ಕೊಡುತ್ತಿರಲಿಲ್ಲವಂತೆ. ಸುಳ್ಳು ಹೇಳಿದರೆ ಹೇಗೋ ಅವನಿಗೆ ಗೊತ್ತಾಗುತ್ತಿತ್ತಂತೆ. ಕೊನೆಕೊನೆಗೆ ಸುಳ್ಳು ಯಾವುದು ಅಂತ ತನಗೇ ತಿಳಿಯುತ್ತಿರಲಿಲ್ಲ ಎಂದ. ಮಮತಾ ಅವನ ಬೆರಳು ಹಿಡಿದುಕೊಂಡಳು. ಬೆರಳು ಅವಳ ಅಂಗೈಯೊಳಗೇ ತಟ್ಟಿತು.

ಠಾಣೆಗೆ ಬಂದು ನವೀನನನ್ನು ಎದುರು ಕೂರಿಸಿಕೊಂಡಾಗ ಮಹೇಶ್ವರಪ್ಪನವರ ಸಿಟ್ಟು ಇಳಿದಿತ್ತು.

"ಕೊಲ್ಲಬೇಕು ಅಂತಿತ್ತಾ?"

"ಇಲ್ರೀ. ಅವ್ವ ಕೊಟ್ಟ ಮಾತು ಮುಗಿಸಿ ಬಿಟ್ಟುಬಿಡ್ತಿದ್ದೆ."

"ಅಷ್ಟರಾಗ ಸತ್ತಿದ್ರ?"

"ನಾನು ಫ್ಯಾನಿಗೆ ಅಂತ ಆಫೀಸು ಆಫೀಸು ಅಲೀವಾಗ, ಅಷ್ಟರಾಗ ನಿಮ್ಮವ್ವ ಸತ್ರ ಅಂತ ಯಾರೂ ಕೇಳ್ಲಿಲ್ಲ ಸಾರ್."

"ಯತೀಶ ಒಬ್ನೇ ಅಲ್ಲ ತಪ್ಪು ಮಾಡಿದ್ದು. ಅವನ ಕೆಲಸ ಅವನು ಮಾಡಿದ."

"ಹೌದ್ರೀ. ಎಲ್ಲಾರೂ ಅವರವರ ಕೆಲಸ ಮಾಡಿದ್ರು. ನಾನೂ ಸುಮ್ನಿದ್ದೆ. ಮಣ್ಣು ಮಾಡಿದೆ, ದಿನ ಮಾಡಿದೆ. ಆಮ್ಯಾಲೆ ಮರಣ ಪತ್ರ ಕೊಟ್ರು. ಎಲ್ಲಿ ಸತ್ಲು ಅನ್ನೋ ಕಡಿ ಮನಿ ನಂಬರ್ ಬೇಕಂತ. ನಂಬರ್ ಇರ್ಲಿಲ್ಲ ನೋಡ್ರಿ, 'ಬಯಲು' ಅಂತ ಬರದ್ರು."

ಪವಿತ್ರ ಬರೆಯುವುದನ್ನು ನಿಲ್ಲಿಸಿದಳು. ಈ ಸಲ ಮಹೇಶ್ವರಪ್ಪ ಕಣ್ಣು ಬಿಡಲಿಲ್ಲ.

"ನಮ್ಮವ್ವ ಹುಟ್ಟಿದ್ದು ಬಯಲಾಗ ಸಾರ್. ನನ್ನ ಹಡದದ್ದು ಬಯಲಾಗ. ಬದುಕಿದ್ದೆಲ್ಲ ಬಯಲಾಗ," ಎಂದ ನವೀನ. "ಸಾಯೋದೊಂದು ಒಳಗ ಸತ್ಲು."